ಗಣಿತದ ಪದಕಗಳು ಸೆಂಟ್ರಲ್ ಕಾಲೇಜಿನ ದಾರಿ ಯಾಕೆ ಹಿಡಿಯುವುದಿಲ್ಲ?

2023ರ ಸೆಪ್ಟೆಂಬರ್ 11ರಂದು, ವಿಜ್ಞಾನಿಗಳಿಗೆ ಕೇಂದ್ರ ಸರ್ಕಾರ ಕೊಡುವ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿಯ ಪಟ್ಟಿ ಹೊರಬಿತ್ತು. ಬರಬೇಕಾಗಿದ್ದು 2022ರಲ್ಲಿ, ಬಂದಿದ್ದು ಒಂದು ವರ್ಷ ತಡವಾಗಿ. ಗಣಿತದಲ್ಲಿ ಇಬ್ಬರ ಹೆಸರಿತ್ತು. ಒಬ್ಬರು ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಅಪೂರ್ವ ಖರೆ, ಇನ್ನೊಬ್ಬರು ಮೈಕ್ರೋಸಾಫ್ಟ್ ರಿಸರ್ಚ್‌ನ ನೀರಜ್ ಕಯಾಲ್. ಇಬ್ಬರೂ ಕೆಲಸ ಮಾಡುತ್ತಿದ್ದುದು ಬೆಂಗಳೂರಿನಲ್ಲೇ. ಇಡೀ ದೇಶದ ಗಣಿತಕ್ಕೆ ಆ ವರ್ಷ ಇದ್ದ ಎರಡು ಭಟ್ನಾಗರ್ ಪ್ರಶಸ್ತಿಗಳೂ ಒಂದೇ ಊರಿಗೆ ಬಂದವು.

ಡಿಗ್ರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ನನ್ನಂಥವರಿಗೆ ಇದು ಖುಷಿಯ ವಿಷಯವೇ. ಆದರೆ ಹಿಂದಿನ ಪಟ್ಟಿಗಳನ್ನು ತೆಗೆದು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. 2014ರಿಂದ 2022ರವರೆಗೆ ಗಣಿತಕ್ಕೆ ಭಟ್ನಾಗರ್ ಪಡೆದವರಲ್ಲಿ ರಾಜ್ಯ ವಿಶ್ವವಿದ್ಯಾಲಯದವರು ಒಬ್ಬರೂ ಇಲ್ಲ. ಇರುವವರೆಲ್ಲ ಐಐಎಸ್‌ಸಿ, ಐಐಟಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ (ಐಎಸ್‌ಐ), ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್), ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ, ಇಲ್ಲವೇ ಮೈಕ್ರೋಸಾಫ್ಟ್‌ನವರು. ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ 2007ರಲ್ಲಿ ಐಎಸ್‌ಐನ ಬಿ.ವಿ. ರಾಜಾರಾಮ ಭಟ್, 2014ರಲ್ಲಿ ಐಐಎಸ್‌ಸಿಯ ಕೌಶಲ್ ವರ್ಮ, 2015ರಲ್ಲಿ ಯಲಹಂಕದ ಕಡೆ ಇರುವ ಟಿಐಎಫ್‌ಆರ್ ಕೇಂದ್ರದ ಕೆ. ಸಂದೀಪ್ ಮುಂತಾದವರು. ರಾಜ್ಯ ವಿಶ್ವವಿದ್ಯಾಲಯಗಳ ಆವರಣಗಳಾದ ಸೆಂಟ್ರಲ್ ಕಾಲೇಜು ಮತ್ತು ಜ್ಞಾನಭಾರತಿಯ ಹೆಸರು ಈ ಸಾಲಿನಲ್ಲಿ ಕಾಣುವುದಿಲ್ಲ. ಈ ಊರಿನ ಹೆಚ್ಚಿನ ಹುಡುಗರು ಹುಡುಗಿಯರು ಬಿಎಸ್‌ಸಿ, ಎಂಎಸ್‌ಸಿ ಗಣಿತ ಓದುವುದು ಮಾತ್ರ ಇಂಥ ಕಡೆಯೇ.

ಪ್ರತಿಭೆ ಇದ್ದವರಿಗೆ ಪ್ರಶಸ್ತಿ ಸಿಗುತ್ತದೆ, ಅದರಲ್ಲೇನು ತಕರಾರು ಅಂತ ಕೇಳಬಹುದು. ಪ್ರಶಸ್ತಿ ಪಡೆದವರ ಯೋಗ್ಯತೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಕಯಾಲ್ ಅವರ ಕೆಲಸವನ್ನೇ ನೋಡಿ. ಒಂದು ಸಂಖ್ಯೆ ಕೊಟ್ಟರೆ ಅದು ಅವಿಭಾಜ್ಯವೋ ಅಲ್ಲವೋ ಹೇಳಬೇಕು. 91 ಕೊಟ್ಟರೆ ಸ್ವಲ್ಪ ತಲೆ ಕೆರೆದುಕೊಂಡು 7 ಹದಿಮೂರ್ಲ ಅಂತ ಹಿಡಿಯಬಹುದು. 300 ಅಂಕಿಗಳ ಸಂಖ್ಯೆ ಕೊಟ್ಟರೆ? ಒಂದೊಂದಾಗಿ ಭಾಗಿಸುತ್ತಾ ಹೋದರೆ ಎಷ್ಟೇ ವೇಗದ ಕಂಪ್ಯೂಟರ್ ಇದ್ದರೂ ಈ ಜನ್ಮದಲ್ಲಿ ಮುಗಿಯುವುದಿಲ್ಲ. ಬೇಗ ಹೇಳುವ ಉಪಾಯಗಳು ಮೊದಲೂ ಇದ್ದವು. ಆದರೆ ಅವು ಅದೃಷ್ಟದ ಮೇಲೋ, ಇನ್ನೂ ಸಾಧಿಸದ ಯಾವುದೋ ಊಹೆಯ ಮೇಲೋ ನಿಂತಿದ್ದವು. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗರ್‌ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ವಿಧಾನ ಕೊಟ್ಟರು. ಅದರಲ್ಲಿ ಅದೃಷ್ಟವಿಲ್ಲ, ಊಹೆಯಿಲ್ಲ. ಅಂಕಿಗಳು ಜಾಸ್ತಿಯಾದ ಹಾಗೆ ಬೇಕಾಗುವ ಸಮಯವೂ ಜಾಸ್ತಿಯಾಗುತ್ತದೆ, ಆದರೆ ಕೈಮೀರಿ ಹೋಗುವುದಿಲ್ಲ. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಬಿಟೆಕ್ ಮುಗಿಸಿದ್ದ ಹುಡುಗರು. 2006ರಲ್ಲಿ ಈ ಕೆಲಸಕ್ಕೆ ಗೋಡೆಲ್ ಪ್ರಶಸ್ತಿ, ಫುಲ್ಕರ್‌ಸನ್ ಪ್ರಶಸ್ತಿ ಎರಡೂ ಬಂದವು.

ನನ್ನ ತಕರಾರು ಇರುವುದು ಏಣಿಯ ಬಗ್ಗೆ. ಮೇಲಿನ ಮೆಟ್ಟಿಲುಗಳಿವೆ, ನೆಲವೂ ಇದೆ, ನಡುವಿನ ಮೆಟ್ಟಿಲುಗಳೇ ಇಲ್ಲ. ಮೂರ್ನಾಲ್ಕು ವರ್ಷಗಳಿಂದ ಆಗುತ್ತಿರುವ ಬದಲಾವಣೆಗಳು ಈ ಕೊರತೆಯನ್ನು ಇನ್ನಷ್ಟು ಹೆಚ್ಚಿಸಿವೆ.

ಮೊದಲು ಮೇಲಿನ ಮೆಟ್ಟಿಲು. ಖರೆ ಮತ್ತು ಕಯಾಲ್ ಅವರಿಗೆ ಸಿಕ್ಕಿದ್ದೇ ಹಳೆಯ ರೂಪದ ಕೊನೆಯ ಭಟ್ನಾಗರ್. ಕೇಂದ್ರದ ವಿಜ್ಞಾನ ಇಲಾಖೆಗಳು ಕೊಡುತ್ತಿದ್ದ ಸಣ್ಣ ದೊಡ್ಡ ಪ್ರಶಸ್ತಿಗಳಲ್ಲಿ ಬಹುಪಾಲನ್ನು ಕೈಬಿಡುವ ನಿರ್ಧಾರ 2022ರಲ್ಲೇ ಆಗಿತ್ತು. ಅವುಗಳ ಬದಲು 2023ರಲ್ಲಿ ರಾಷ್ಟ್ರೀಯ ವಿಜ್ಞಾನ ಪುರಸ್ಕಾರ ಘೋಷಣೆಯಾಯಿತು. ಇದರಲ್ಲಿ ವಿಜ್ಞಾನ ರತ್ನ, ವಿಜ್ಞಾನ ಶ್ರೀ, ವಿಜ್ಞಾನ ಯುವ, ವಿಜ್ಞಾನ ತಂಡ ಅಂತ ನಾಲ್ಕು ಬಗೆ. ಭಟ್ನಾಗರ್ ಹೆಸರು ಈಗ 45 ವರ್ಷದೊಳಗಿನವರ ಯುವ ಪುರಸ್ಕಾರಕ್ಕೆ ಅಂಟಿಕೊಂಡಿದೆ. ಒಟ್ಟು 13 ಕ್ಷೇತ್ರಗಳಲ್ಲಿ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನ ಸೇರಿ ಒಂದು. 2024ರ ಆಗಸ್ಟ್‌ನಲ್ಲಿ ಮೊದಲ ಸಲ ಕೊಟ್ಟಾಗಲೂ ಬೆಂಗಳೂರಿನ ಪಾಲು ದೊಡ್ಡದೇ ಇತ್ತು. ವಿಜ್ಞಾನ ರತ್ನ ಪಡೆದವರು ಐಐಎಸ್‌ಸಿಯ ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್. ಗಣಿತದಲ್ಲಿ ಯುವ ಪುರಸ್ಕಾರ ಪಡೆದವರು ಅದೇ ಸಂಸ್ಥೆಯ ಮಹೇಶ್ ಕಾಕಡೆ.

ಒಂದು ವ್ಯತ್ಯಾಸ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಹಳೆಯ ಭಟ್ನಾಗರ್ ಜೊತೆ 5 ಲಕ್ಷ ರೂಪಾಯಿ ಬರುತ್ತಿತ್ತು, ಮೇಲೆ 65 ವರ್ಷವಾಗುವವರೆಗೂ ತಿಂಗಳಿಗೆ 15,000 ರೂಪಾಯಿ. ಹೊಸದರಲ್ಲಿ ಪದಕ ಮತ್ತು ಪ್ರಶಸ್ತಿಪತ್ರ ಮಾತ್ರ. ದುಡ್ಡಿಗಿಂತ ಗೌರವ ದೊಡ್ಡದು ಅನ್ನುವ ಮಾತು ವೇದಿಕೆಯ ಮೇಲೆ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಗಣಿತದವರಿಗೆ ಲ್ಯಾಬು ಬೇಡ, ಕೋಟಿಗಟ್ಟಲೆ ಬೆಲೆಯ ಮಶೀನು ಬೇಡ. ಬೇಕಾಗುವುದು ರೈಲು ಟಿಕೆಟು, ಯಾರನ್ನಾದರೂ ಕರೆಸಿ ಹತ್ತು ದಿನ ಜೊತೆಗೆ ಕೂರಿಸಿಕೊಳ್ಳುವ ಖರ್ಚು, ಪುಸ್ತಕ, ಒಂದಿಷ್ಟು ಬಿಡುವು. ಭೌತವಿಜ್ಞಾನಿಗೆ 15,000 ಯಾವ ಮೂಲೆಗೂ ಸಾಲದು. ಗಣಿತಜ್ಞರಿಗೆ ಅದು ನಿಜಕ್ಕೂ ಉಪಯೋಗಕ್ಕೆ ಬರುವ ದುಡ್ಡು. ಹೀಗಾಗಿ ನಷ್ಟ ಜಾಸ್ತಿಯಾಗಿದ್ದು ಗಣಿತದವರಿಗೇ.

ದುಡ್ಡಿನ ಮಾತು ಬಂದ ಮೇಲೆ ಇನ್ಫೋಸಿಸ್ ಪ್ರಶಸ್ತಿಯನ್ನು ಬಿಡುವ ಹಾಗಿಲ್ಲ. ನಮ್ಮ ಊರಿನದೇ ಪ್ರಶಸ್ತಿ, ಒಂದು ಲಕ್ಷ ಡಾಲರ್ ಮತ್ತು ಚಿನ್ನದ ಪದಕ. 2009ರಿಂದ 2025ರವರೆಗೆ ಗಣಿತದಲ್ಲಿ ಇದನ್ನು ಪಡೆದ 17 ಜನರಲ್ಲಿ ಆಗ ಭಾರತದಲ್ಲಿ ಕೆಲಸ ಮಾಡುತ್ತಿದ್ದವರು 7 ಮಂದಿ. ಉಳಿದವರು ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್, ಜ್ಯೂರಿಕ್ ಮುಂತಾದ ಕಡೆಯವರು. ಮಂಜುಲ್ ಭಾರ್ಗವ ಅವರಿಗೆ 2012ರಲ್ಲಿ, ಅಕ್ಷಯ್ ವೆಂಕಟೇಶ್ ಅವರಿಗೆ 2016ರಲ್ಲಿ ಕೊಟ್ಟರು. ತಲಾ ಎರಡೇ ವರ್ಷದಲ್ಲಿ ಇಬ್ಬರಿಗೂ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಬಂತು. ತೀರ್ಪುಗಾರರ ಕಣ್ಣು ಚುರುಕಾಗಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಫೀಲ್ಡ್ಸ್ ಪಡೆಯಲಿರುವವರನ್ನು ಮೊದಲೇ ಗುರುತಿಸುವುದು ಒಂದು ಕೆಲಸ, ಇಲ್ಲಿನ ಗಣಿತವನ್ನು ಬೆಳೆಸುವುದು ಇನ್ನೊಂದು ಕೆಲಸ. ಇನ್ಫೋಸಿಸ್ ಪ್ರಶಸ್ತಿ ಕೊಡುವ ಪ್ರತಿಷ್ಠಾನಕ್ಕೂ ಇದು ಅರಿವಾದಂತಿದೆ. 2024ರಲ್ಲಿ ವಯಸ್ಸಿನ ಮಿತಿಯನ್ನು 50ರಿಂದ 40ಕ್ಕೆ ಇಳಿಸಿದಾಗ, ಹೊರದೇಶದಲ್ಲಿರುವ ವಿಜೇತರು ಇಲ್ಲಿನ ಸಂಸ್ಥೆಗಳಿಗೆ ಬಂದು ಸ್ವಲ್ಪ ಸಮಯ ಕಳೆಯಬೇಕು ಅನ್ನುವ ನಿರೀಕ್ಷೆಯನ್ನೂ ಸೇರಿಸಿದರು. ಒಳ್ಳೆಯದೇ. ಹಾಗೆ ಬಂದವರು ತುಮಕೂರಿಗೋ ದಾವಣಗೆರೆಗೋ ಹೋಗುತ್ತಾರಾ, ಇಲ್ಲ ಮತ್ತೆ ಐಐಎಸ್‌ಸಿಯಲ್ಲೇ ಇಳಿದುಕೊಳ್ಳುತ್ತಾರಾ, ಅದು ಬೇರೆ ಮಾತು.

ಗಣಿತದಲ್ಲಿ ವಯಸ್ಸಿನ ಮಿತಿ ಹೊಸದೇನಲ್ಲ. 1936ರಲ್ಲಿ ಓಸ್ಲೋದಲ್ಲಿ ಶುರುವಾದ ಫೀಲ್ಡ್ಸ್ ಪದಕ 40 ದಾಟಿದವರಿಗೆ ಸಿಗುವುದಿಲ್ಲ. ಫರ್ಮಾನ ಕೊನೆಯ ಪ್ರಮೇಯವನ್ನು ಸಾಧಿಸಿದ ಆಂಡ್ರ್ಯೂ ವೈಲ್ಸ್‌ಗೇ ಸಿಗಲಿಲ್ಲ. 1998ರಲ್ಲಿ ಬೆಳ್ಳಿಯ ಫಲಕವೊಂದನ್ನು ಮಾಡಿಸಿ ಕೊಟ್ಟು ಸಮಾಧಾನ ಮಾಡಿದರು. ಶಾಸ್ತ್ರ ವಿಶ್ವವಿದ್ಯಾಲಯ ಕುಂಭಕೋಣದಲ್ಲಿ ಕೊಡುವ ಶಾಸ್ತ್ರ ರಾಮಾನುಜನ್ ಪ್ರಶಸ್ತಿಯ ಮಿತಿ 32, ಯಾಕಂದರೆ ರಾಮಾನುಜನ್ ಬದುಕಿದ್ದೇ ಅಷ್ಟು ವರ್ಷ. ಗಣಿತ ಅಂದರೆ ಹರೆಯದವರ ಆಟ ಅನ್ನುವ ನಂಬಿಕೆ ಇದರ ಹಿಂದಿದೆ. ನಂಬಿಕೆ ಅಷ್ಟೇ. 2013ರಲ್ಲಿ ಅವಿಭಾಜ್ಯ ಸಂಖ್ಯೆಗಳ ನಡುವಿನ ಅಂತರದ ಬಗ್ಗೆ ಇಡೀ ಜಗತ್ತೇ ಬೆರಗಾಗುವಂಥ ಫಲಿತಾಂಶ ಕೊಟ್ಟ ಯಿಟಾಂಗ್ ಜಾಂಗ್ ಆಗ ಅರವತ್ತರ ಹತ್ತಿರ ಇದ್ದರು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ ಸಾದಾ ಲೆಕ್ಚರರ್. ಅದಕ್ಕೂ ಮೊದಲು ಗೆಳೆಯರೊಬ್ಬರ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಲೆಕ್ಕ ಬರೆದಿದ್ದವರು.

ಈಗ ನಮ್ಮ ಕಡೆಯ ಒಬ್ಬ ಗಣಿತದ ಮೇಷ್ಟ್ರ ವಯಸ್ಸು ಹೇಗೆ ಸರಿದುಹೋಗುತ್ತದೆ ನೋಡಿ. ಎಂಎಸ್‌ಸಿ ಮುಗಿಯುವಾಗ 23. ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಪಾಸಾಗಲು ಒಂದೆರಡು ವರ್ಷ. ಆಮೇಲೆ ಅತಿಥಿ ಉಪನ್ಯಾಸಕರಾಗಿ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಓಡಾಟ, ತಿಂಗಳ ಸಂಬಳಕ್ಕೆ ತಿಂಗಳುಗಟ್ಟಲೆ ಕಾಯುವುದು. ನೇಮಕಾತಿ ಯಾವಾಗ ಕರೆಯುತ್ತಾರೋ ದೇವರೇ ಬಲ್ಲ. ಕಾಯಂ ಕೆಲಸ ಸಿಕ್ಕಿ, ಪಿಎಚ್‌ಡಿ ಮುಗಿಯುವ ಹೊತ್ತಿಗೆ ನಲವತ್ತು ಹತ್ತಿರ. ಆಮೇಲೂ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಅದರ ಮೇಲೆ ಪರೀಕ್ಷೆ, ವ್ಯಾಲ್ಯುಯೇಶನ್, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲು, ಚುನಾವಣೆ ಕೆಲಸ. ನಿಜವಾಗಿ ಯೋಚನೆ ಮಾಡಲು ಪುರುಸೊತ್ತು ಸಿಗುವ ಹೊತ್ತಿಗೆ 45 ದಾಟಿರುತ್ತದೆ. ಹೆಣ್ಣುಮಕ್ಕಳಿಗೆ ಇದು ಇನ್ನೂ ಕಷ್ಟ. ಫೀಲ್ಡ್ಸ್ ಪದಕ 2022ರವರೆಗೆ 64 ಜನಕ್ಕೆ ಸಂದಿದೆ. ಅವರಲ್ಲಿ ಹೆಂಗಸರು ಇಬ್ಬರೇ: 2014ರಲ್ಲಿ ಮರಿಯಂ ಮಿರ್ಜಾಖಾನಿ, 2022ರಲ್ಲಿ ಮರೀನಾ ವ್ಯಾಜೋವ್ಸ್ಕಾ.

ಇದಕ್ಕೆ ಪರಿಹಾರವೂ ಗೊತ್ತಿಲ್ಲದ್ದೇನಲ್ಲ. ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಯ ವೈಟ್‌ಹೆಡ್ ಪ್ರಶಸ್ತಿ ಹುಟ್ಟಿದ ತಾರೀಕು ಕೇಳುವುದಿಲ್ಲ, ಪಿಎಚ್‌ಡಿ ಆದ ಮೇಲೆ ಸಂಶೋಧನೆಯಲ್ಲಿ ಎಷ್ಟು ವರ್ಷ ಇದ್ದೀರಿ ಅಂತ ಕೇಳುತ್ತದೆ. ನಡುವೆ ಬಿಟ್ಟ ವರ್ಷಗಳನ್ನು ಲೆಕ್ಕದಿಂದ ತೆಗೆಯುತ್ತದೆ. ವರ್ಷಕ್ಕೆ ಒಬ್ಬರಿಗೆ ಅಂತಲೂ ಇಲ್ಲ, ಹಲವರಿಗೆ ಕೊಡುತ್ತಾರೆ.

ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಪ್ರಶಸ್ತಿಗೆ ತಕ್ಕ ಕೆಲಸವೇ ಆಗುವುದಿಲ್ಲ ಅನ್ನುವವರಿದ್ದಾರೆ. ಅವರಿಗೆ ಮೈಸೂರಿನ ಕಥೆ ಹೇಳಬೇಕು. ರಾಮಾನುಜನ್ ಬಿಟ್ಟುಹೋದ ನೋಟ್‌ಬುಕ್ಕುಗಳಲ್ಲಿ ಸಾವಿರಾರು ಸೂತ್ರಗಳಿವೆ, ಅವು ಯಾಕೆ ನಿಜ ಅನ್ನುವ ಸಾಧನೆ ಮಾತ್ರ ಬಹುತೇಕ ಎಲ್ಲೂ ಬರೆದಿಲ್ಲ. ಅವನ್ನು ಒಂದೊಂದಾಗಿ ಸಾಧಿಸುವ ಕೆಲಸಕ್ಕೆ ಅಮೆರಿಕದ ಬ್ರೂಸ್ ಬರ್ನ್ಟ್ ಕೈಹಾಕಿದರು. ಎರಡನೇ ನೋಟ್‌ಬುಕ್ಕಿನ 16ನೇ ಅಧ್ಯಾಯ ತೀಟಾ ಫಲನಗಳೆಂಬ ವಿಶೇಷ ಶ್ರೇಣಿಗಳದ್ದು, ಇಡೀ ನೋಟ್‌ಬುಕ್ಕಿನ ಎದೆಗೂಡು ಅಂತಲೇ ಹೇಳಬಹುದು. ಆ ಅಧ್ಯಾಯದ ಕೆಲಸದಲ್ಲಿ ಬರ್ನ್ಟ್ ಜೊತೆಗೆ ನಿಂತವರು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಸಿ. ಅಡಿಗ ಮತ್ತು ಎಸ್. ಭಾರ್ಗವ. 1985ರಲ್ಲಿ ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿ ಅದನ್ನು ಪ್ರಕಟಿಸಿತು. ಈ ವಿಷಯದಲ್ಲಿ ಕೆಲಸ ಮಾಡುವ ಯಾರೇ ಆಗಲಿ ಇವತ್ತಿಗೂ ಅದನ್ನು ತೆಗೆಯದೆ ಇರುವುದಿಲ್ಲ. ಬೆಂಗಳೂರಿನ ಕೆ. ವೆಂಕಟಾಚಲಯ್ಯಂಗಾರ್ ಅವರದೂ ಇಂಥದ್ದೇ ಕಥೆ. ಎಲಿಪ್ಟಿಕ್ ಫಲನಗಳನ್ನು ರಾಮಾನುಜನ್ ಹೇಗೆ ಯೋಚಿಸಿರಬಹುದು ಅಂತ ಅವರು ಬರೆದ ಪುಸ್ತಕವನ್ನು 1988ರಲ್ಲಿ ಮಧುರೈ ಕಾಮರಾಜ್ ವಿಶ್ವವಿದ್ಯಾಲಯ ಅಚ್ಚು ಹಾಕಿತ್ತು. ಎಷ್ಟೋ ವರ್ಷ ಅದು ಜೆರಾಕ್ಸ್ ಆಗಿ ಕೈಯಿಂದ ಕೈಗೆ ಓಡಾಡುವಂಥ ಪುಸ್ತಕ. 2012ರಲ್ಲಿ ನ್ಯೂಜಿಲೆಂಡಿನ ಗಣಿತಜ್ಞ ಶಾನ್ ಕೂಪರ್ ಅದನ್ನು ಪರಿಷ್ಕರಿಸಿ, ದೊಡ್ಡ ಪ್ರಕಾಶಕರ ಮೂಲಕ ಮತ್ತೆ ಹೊರತಂದರು. ಲೇಖಕರು ತೀರಿಕೊಂಡು ವರ್ಷಗಳೇ ಆಗಿದ್ದವು.

ಸುಜಾತಾ ರಾಮದೊರೈ ಅವರನ್ನೂ ಇಲ್ಲಿ ನೆನೆಯಬೇಕು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಬಿಎಸ್‌ಸಿ ಮಾಡಿ, ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಅಂಚೆ ತೆರಪಿನ ಎಂಎಸ್‌ಸಿ ಮುಗಿಸಿದವರು. ಆಮೇಲೆ ಟಿಐಎಫ್‌ಆರ್ ಸೇರಿದರು. 2004ರಲ್ಲಿ ಭಟ್ನಾಗರ್ ಬಂತು. 2006ರಲ್ಲಿ ಇಟಲಿಯ ಟ್ರಿಯೆಸ್ಟ್‌ನ ರಾಮಾನುಜನ್ ಪ್ರಶಸ್ತಿ ಪಡೆದ ಮೊದಲ ಭಾರತೀಯರೂ ಆದರು. ಡಿಗ್ರಿ ಕಾಲೇಜಿನಲ್ಲಿ ಯಾರೋ ಒಬ್ಬ ಮೇಷ್ಟ್ರು ಚೆನ್ನಾಗಿ ಪಾಠ ಮಾಡಿರಲೇಬೇಕು, ಅಲ್ವಾ? ಆ ಮೇಷ್ಟ್ರಿಗೆ ಕೊಡುವಂಥ ಪ್ರಶಸ್ತಿ ನಮ್ಮಲ್ಲಿ ಹೆಚ್ಚು ಕಡಿಮೆ ಇಲ್ಲ. ಅಮೆರಿಕದ ಮ್ಯಾಥಮೆಟಿಕಲ್ ಅಸೋಸಿಯೇಶನ್ ಕಾಲೇಜಿನ ಗಣಿತ ಪಾಠಕ್ಕೆಂದೇ ಹೈಮೋ ಹೆಸರಿನ ಪ್ರಶಸ್ತಿ ಕೊಡುತ್ತದೆ, ಗಣಿತವನ್ನು ಚೆನ್ನಾಗಿ ಬರೆದು ವಿವರಿಸಿದವರಿಗೆ ಬೇರೆ ಬಹುಮಾನಗಳನ್ನೇ ಇಟ್ಟಿದೆ.

ಇನ್ನು ನೆಲದ ವಿಷಯ. ನಡುವಿನ ಮೆಟ್ಟಿಲು ಖಾಲಿ ಇದ್ದರೆ ಆ ಜಾಗಕ್ಕೆ ಏನಾದರೊಂದು ಬಂದೇ ಬರುತ್ತದೆ. ನಮ್ಮ ಮೇಷ್ಟ್ರುಗಳ ವಾಟ್ಸಾಪ್‌ಗೂ ಈಮೇಲ್‌ಗೂ ಬರುವ ಸಂದೇಶಗಳ ಧಾಟಿ ಒಂದೇ. ಅಭಿನಂದನೆ, ನಿಮ್ಮ ಅಮೋಘ ಸಂಶೋಧನೆಗಾಗಿ ತಮ್ಮನ್ನು ಅಂತರರಾಷ್ಟ್ರೀಯ ಅತ್ಯುತ್ತಮ ಸಂಶೋಧಕ ಪ್ರಶಸ್ತಿಗೆ ಆರಿಸಲಾಗಿದೆ. ಎರಡನೇ ಪ್ಯಾರಾದಲ್ಲಿ ನೋಂದಣಿ ಶುಲ್ಕ. ಖುದ್ದಾಗಿ ಬಂದರೆ ಒಂದು ದರ, ಸರ್ಟಿಫಿಕೇಟು ಕೊರಿಯರ್ ಮಾಡಿಸಿಕೊಂಡರೆ ಇನ್ನೊಂದು ದರ. ಹೋಟೆಲಿನ ಹಾಲಿನಲ್ಲಿ ಶಾಲು, ಫಲಕ, ಫೋಟೋ. ಯಾವ ಸಂಶೋಧನೆ ಅಂತ ಯಾರೂ ಕೇಳುವುದಿಲ್ಲ. ಇಷ್ಟಾದರೂ ಜನ ಯಾಕೆ ದುಡ್ಡು ಕಟ್ಟುತ್ತಾರೆ? ಸುಮ್ನೆ ಮೂರ್ಖರು ಅಂದುಬಿಡುವುದು ಸುಲಭ. ಆದರೆ ನ್ಯಾಕ್ ಬಂದಾಗ ನಿಮ್ಮ ಅಧ್ಯಾಪಕರಿಗೆ ಎಷ್ಟು ಪ್ರಶಸ್ತಿ ಬಂದಿದೆ ಅಂತ ಕಾಲೇಜನ್ನು ಕೇಳುತ್ತದೆ. ಯುಜಿಸಿಯ 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಕರೆಯುವವರ ಪಟ್ಟಿ ಮಾಡುವಾಗ ರಾಷ್ಟ್ರೀಯ ಮಟ್ಟದ ಪ್ರಶಸ್ತಿಗೆ 3 ಅಂಕ, ರಾಜ್ಯ ಸರ್ಕಾರದ್ದಕ್ಕೆ 2. ಸರ್ಕಾರದ ಅಥವಾ ಮಾನ್ಯತೆ ಪಡೆದ ಸಂಸ್ಥೆಯದ್ದೇ ಆಗಬೇಕು ಅಂತ ನಿಯಮದಲ್ಲೇ ಇದೆ. ಆದರೆ ಫೈಲಿನೊಳಗೆ ಸೇರಿದ ಸರ್ಟಿಫಿಕೇಟನ್ನು ಅಷ್ಟು ಬಿಡಿಸಿ ನೋಡುವವರು ಯಾರು?

ಆ ನಿಯಮದಲ್ಲಿ ಗಣಿತದವರಿಗೆಂದೇ ಇಟ್ಟಂತಿರುವ ಒಂದು ಹಳ್ಳವೂ ಇದೆ. ಒಂದು ಪ್ರಬಂಧವನ್ನು ಇಬ್ಬರಿಗಿಂತ ಹೆಚ್ಚು ಜನ ಬರೆದಿದ್ದರೆ ಮೊದಲ ಅಥವಾ ಮುಖ್ಯ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ ಶೇ. 30 ಅಂಕ. ಜೀವವಿಜ್ಞಾನದಲ್ಲಿ ಇದಕ್ಕೆ ಅರ್ಥವಿದೆ, ಅಲ್ಲಿ ಹೆಚ್ಚು ದುಡಿದವರ ಹೆಸರು ಮೊದಲು ಬರುತ್ತದೆ. ಗಣಿತದಲ್ಲಿ ಹೆಸರುಗಳನ್ನು ಅಕಾರಾದಿಯಾಗಿ ಹಾಕುವುದು ರೂಢಿ. ಮೇಲೆ ಹೇಳಿದ ಅವಿಭಾಜ್ಯದ ಪ್ರಬಂಧವನ್ನೇ ತೆಗೆದುಕೊಳ್ಳಿ: ಅಗರ್‌ವಾಲ್, ಕಯಾಲ್, ಸಕ್ಸೇನಾ. ಗುಮಾಸ್ತರು ಈ ನಿಯಮವನ್ನು ಅಕ್ಷರಶಃ ಹಿಡಿದರೆ ಕಯಾಲ್ ಮತ್ತು ಸಕ್ಸೇನಾ ಅವರ ಪಾಲು ಅರ್ಧಕ್ಕಿಂತ ಕಮ್ಮಿಯಾಗುತ್ತದೆ, ಕಾರಣ ಅವರ ಅಡ್ಡಹೆಸರು ಇಂಗ್ಲಿಷಿನ ಎ ಅಕ್ಷರದಿಂದ ಶುರುವಾಗುವುದಿಲ್ಲ. ನಮ್ಮ ವೆಂಕಟೇಶರೂ ಯೋಗೀಶರೂ ಜೀವಮಾನವಿಡೀ ಶೇ. 30ರಲ್ಲೇ ಉಳಿಯಬೇಕಾಗುತ್ತದೆ. 2025ರ ಜನವರಿಯಲ್ಲಿ ಬಂದ ಯುಜಿಸಿ ಕರಡು ಈ ಅಂಕದ ಪದ್ಧತಿಯನ್ನೇ ಕೈಬಿಡುವ ಪ್ರಸ್ತಾವ ಮಾಡಿತು. ಆ ಕರಡಿನ ವಿರುದ್ಧ ಫೆಬ್ರವರಿಯಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಬೆಂಗಳೂರಿನಲ್ಲೇ ಸೇರಿದ್ದರು. ಜೋರಾಗಿ ಕೇಳಿಬಂದ ಮಾತು ಕುಲಪತಿಗಳನ್ನು ಯಾರು ನೇಮಿಸಬೇಕು ಅನ್ನುವುದು. ಅಂಕದ ಲೆಕ್ಕ ಯಾರಿಗೆ ಬೇಕು.

ಫ್ಲೆಕ್ಸುಗಳ ವಿಷಯವನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಜಗತ್ತಿನ ಅಗ್ರ ಶೇ. 2 ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಪ್ರಾಧ್ಯಾಪಕರು ಅಂತ ಕಾಲೇಜಿನ ಗೇಟಿನಲ್ಲಿ ಫೋಟೋ ಹಾಕುತ್ತಾರಲ್ಲ, ಅದು ಪ್ರಶಸ್ತಿ ಅಲ್ಲ. ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವ ಎಣಿಕೆಯಿಂದ ಕಂಪ್ಯೂಟರ್ ತೆಗೆದ ಪಟ್ಟಿ. ಗಣಿತದಲ್ಲಿ ಈ ಎಣಿಕೆ ಸುಲಭವಾಗಿ ಕೆಡುತ್ತದೆ. ಪ್ರಬಂಧಗಳು ಕಡಿಮೆ, ಉಲ್ಲೇಖಗಳು ಇನ್ನೂ ಕಡಿಮೆ. ಹತ್ತು ಜನ ಒಬ್ಬರನ್ನೊಬ್ಬರು ಉಲ್ಲೇಖಿಸುತ್ತಾ ಕೂತರೆ ಹತ್ತೂ ಜನ ಮೇಲೆ ಬರುತ್ತಾರೆ. ಇದು ಎಷ್ಟರಮಟ್ಟಿಗೆ ಹೋಯಿತು ಅಂದರೆ, ಅತಿ ಹೆಚ್ಚು ಉಲ್ಲೇಖಿತರ ಪಟ್ಟಿ ತೆಗೆಯುವ ಕ್ಲಾರಿವೇಟ್ ಕಂಪನಿ 2023ರಲ್ಲಿ ಗಣಿತ ವಿಭಾಗವನ್ನೇ ಪಟ್ಟಿಯಿಂದ ಕೈಬಿಟ್ಟಿತು.

ಗಣಿತದಲ್ಲಿ ಒಳ್ಳೆಯ ಕೆಲಸವನ್ನು ಗುರುತಿಸಲು ಬೇಕಾಗುವುದು ಅದನ್ನು ಕೂತು ಓದುವವರು. ಅದಕ್ಕೆ ಎಷ್ಟೋ ಸಲ ಕಾಲವೂ ಬೇಕು. ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ 1945ರಲ್ಲಿ ಕಲ್ಕತ್ತಾದ ಗಣಿತ ಪತ್ರಿಕೆಯೊಂದರಲ್ಲಿ ಒಂದು ಪ್ರಬಂಧ ಬರೆದರು. ಸಂಖ್ಯಾಶಾಸ್ತ್ರ ಓದುವ ಪ್ರತಿ ವಿದ್ಯಾರ್ಥಿಯೂ ಕಲಿಯುವ ಕ್ರಾಮರ್-ರಾವ್ ಮಿತಿ, ಅಂದರೆ ಒಂದು ಅಂದಾಜು ಎಷ್ಟರಮಟ್ಟಿಗೆ ನಿಖರವಾಗಿರಬಹುದು ಅನ್ನುವುದರ ಮಿತಿ, ಅದರಲ್ಲಿತ್ತು. ಪ್ರಧಾನವಾಗಿ ಆ ಪ್ರಬಂಧಕ್ಕೇ ಅಂತ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದದ್ದು 2023ರಲ್ಲಿ, 78 ವರ್ಷದ ಮೇಲೆ. ರಾಯರಿಗೆ ಆಗ 102 ವರ್ಷ. ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು.

ರಾಜ್ಯದ ಮಟ್ಟದಲ್ಲಿ ಏನೂ ಇಲ್ಲ ಅಂತಲ್ಲ. ಕರ್ನಾಟಕ ಸರ್ಕಾರ ವಿಶ್ವೇಶ್ವರಯ್ಯ, ರಾಜಾ ರಾಮಣ್ಣ, ಸಿ.ವಿ. ರಾಮನ್ ಹೆಸರಿನಲ್ಲಿ ವಿಜ್ಞಾನಿಗಳಿಗೆ ಪ್ರಶಸ್ತಿ ಇಟ್ಟಿದೆ. ಆದರೆ ಅಲ್ಲಿ ಗಣಿತದವರು ಲಸಿಕೆ ಮಾಡುವವರ, ಬೆಳೆ ತಳಿ ತೆಗೆಯುವವರ ಜೊತೆ ಸ್ಪರ್ಧೆ ಮಾಡಬೇಕು. ಸಮಿತಿಯ ಮುಂದೆ ತೀಟಾ ಫಲನ ಇಟ್ಟರೆ ಯಾರ ಕಡೆ ತೂಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಗಣಿತಕ್ಕೇ ಅಂತ ಒಂದು, ರಾಜ್ಯದ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಲ್ಲಿ ಕೆಲಸ ಮಾಡುವವರಿಗೆ ಮೀಸಲಾಗಿ, ವಯಸ್ಸಿನ ಮಿತಿಯಿಲ್ಲದೆ ಇಟ್ಟರೆ ಸಾಕು. ದೊಡ್ಡ ಮೊತ್ತ ಬೇಡ. ಒಂದು ವರ್ಷ ಪಾಠದ ಹೊರೆ ಅರ್ಧ ಇಳಿಸಿ, ಆ ಜಾಗಕ್ಕೆ ಒಬ್ಬ ಅತಿಥಿ ಉಪನ್ಯಾಸಕರ ಸಂಬಳ ಕೊಟ್ಟರೆ ಅದೇ ಪ್ರಶಸ್ತಿ. ತೀರ್ಪು ಕೊಡಲು ಜನ ಹುಡುಕಬೇಕಾಗಿಲ್ಲ. ಐಎಸ್‌ಐ ಇರುವುದು ಮೈಸೂರು ರಸ್ತೆಯಲ್ಲಿ, ಜ್ಞಾನಭಾರತಿಗೆ ಹೋಗುವ ದಾರಿಯಲ್ಲೇ. ಉಳಿಯುವುದು ನಾಮನಿರ್ದೇಶನದ ಕೆಲಸ. ದೊಡ್ಡ ಪ್ರಶಸ್ತಿಗಳಿಗೂ ಹೆಸರು ಹೋಗಬೇಕಾಗಿರುವುದು ಹೆಚ್ಚಾಗಿ ಸಂಸ್ಥೆಯ ಮುಖ್ಯಸ್ಥರ ಮೂಲಕವೇ. ಕುಲಪತಿಗಳ ಕುರ್ಚಿಯಲ್ಲಿ ಹಂಗಾಮಿಗಳೇ ಕೂತಿರುವಾಗ, ಕೊನೇ ತಾರೀಕಿನೊಳಗೆ ಗಣಿತ ವಿಭಾಗದಿಂದ ಒಂದು ಹೆಸರು ಕಳಿಸಬೇಕು ಅಂತ ಯಾರಿಗೆ ನೆನಪಿರುತ್ತದೆ?